ಸಿಲ್ವರ್ ಮರದ ಲೆಕ್ಕ

ಪ್ರೀತಿಯ ಸುಮಾ,

ಆಶೀರ್ವಾದಗಳು. ಸಿಎ ತರಬೇತಿಯ, ಅಂದರೆ ಆರ್ಟಿಕಲ್‌ಶಿಪ್‌ನ ಮೊದಲ ವರ್ಷವೇ ಕಾಫಿ ತೋಟದ ಕಂಪನಿಯ ಆಡಿಟ್ ಸಿಕ್ಕಿದ್ದು ಕೇಳಿ ಖುಷಿಯಾಯಿತು. ಕೃಷಿ ಲೆಕ್ಕದ ಅಂತರರಾಷ್ಟ್ರೀಯ ನಿಯಮವಾದ ಐಎಎಸ್ 41ಕ್ಕೂ ಅದರ ಭಾರತದ ರೂಪವಾದ ನಮ್ಮ ಇಂಡ್ ಎಎಸ್ 41ಕ್ಕೂ ಏನು ವ್ಯತ್ಯಾಸ ಅಂತ ಕೇಳಿದ್ದೀಯ. ನಿನ್ನ ದೊಡ್ಡಮ್ಮ ‘ಐಎಎಸ್’ ಅಂತ ಕೇಳಿಸಿಕೊಂಡು ನೀನು ಡಿಸಿ ಆಗುತ್ತೀಯ ಅಂತ ಪಕ್ಕದ ಮನೆಗೆ ಹೇಳಿ ಬಂದಿದ್ದಾಳೆ!

ಅವೆರಡೂ ಹೆಚ್ಚು ಕಡಿಮೆ ಒಂದೇ, ತಲೆ ಕೆಡಿಸಿಕೊಳ್ಳಬೇಡ. ಅಂತರ ಇರುವುದು ದೊಡ್ಡ ಕಂಪನಿಗಳ ಇಂಡ್ ಎಎಸ್‌ಗೂ ಸಣ್ಣವರು ಪಾಲಿಸುವ ಹಳೇ ಲೆಕ್ಕದ ನಿಯಮಗಳಾದ ಎಎಸ್‌ಗೂ ನಡುವೆ.

ಕಾಫಿ ಗಿಡದ ವಿಷಯದಲ್ಲಿ ಈಗ ಜಗಳವಿಲ್ಲ. ಗಿಡವನ್ನೇ ಯಾರೂ ಮಾರುವುದಿಲ್ಲ, ಅಲ್ವಾ? ಹಾಗಾಗಿ ಅದಕ್ಕೆ ಯಂತ್ರದ ಹಾಗೆಯೇ ಲೆಕ್ಕ: ಬೆಳೆಸಿದ ಖರ್ಚು ಬರೆದು, ಆಮೇಲೆ ವರ್ಷ ವರ್ಷ ಡಿಪ್ರಿಸಿಯೇಷನ್ (ಸವಕಳಿ). ಐಎಎಸ್‌ನವರು ಮೊದಲು ಗಿಡಕ್ಕೂ ಫೇರ್ ವ್ಯಾಲ್ಯೂ, ಅಂದರೆ ಅಂದಿನ ಮಾರುಕಟ್ಟೆ ಬೆಲೆ, ಕಟ್ಟಿಸುತ್ತಿದ್ದರು. 2014ರಲ್ಲಿ ತಿದ್ದಿಕೊಂಡರು. 2015ರಲ್ಲಿ ಬಂದ ನಮ್ಮ ಇಂಡ್ ಎಎಸ್‌ನಲ್ಲಿ ಅದು ಮೊದಲೇ ಸೇರಿತ್ತು. ಯಂತ್ರ, ಕಟ್ಟಡಗಳ ಹಳೇ ನಿಯಮವಾದ ಎಎಸ್ 10ಕ್ಕೂ 2016ರಲ್ಲಿ ಸೇರಿಸಿದರು. ಗಿಡದ ಮೇಲಿನ ಹಣ್ಣಿಗೆ ಮಾತ್ರ ಇಂಡ್ ಎಎಸ್‌ನಲ್ಲಿ ಈಗಲೂ ಫೇರ್ ವ್ಯಾಲ್ಯೂ, ಮಾರುವ ಖರ್ಚು ಕಳೆದು. ಆದರೆ ಮಾರ್ಚ್ 31ರ ಹೊತ್ತಿಗೆ ಕೊಯ್ಲು ಮುಗಿದು ಹೂ ಬಿಟ್ಟಿರುತ್ತದೆ. ಅಲ್ಲಿ ಜಾಸ್ತಿ ಮೊತ್ತ ನಿಲ್ಲುವುದಿಲ್ಲ.

ನೀನು ನೋಡಬೇಕಾದ್ದು ಕಾಫಿಯ ನಡುವೆ ನೆಡುವ ಸಿಲ್ವರ್ ಓಕ್ ಮರಗಳನ್ನು. ನಾಟಾಕ್ಕೆಂದು ಬೆಳೆಸಿದ್ದರೆ ಇಂಡ್ ಎಎಸ್‌ನಲ್ಲಿ ಪ್ರತಿ ವರ್ಷ ಬೆಲೆ ಕಟ್ಟಿ, ಏರಿದ್ದನ್ನು ಲಾಭ ಅಂತ ತೋರಿಸಬೇಕು. ಹಳೇ ಎಎಸ್‌ನಲ್ಲಿ ಇದಕ್ಕೆಂದೇ ಒಂದು ನಿಯಮವಿಲ್ಲ.

ನಾನು ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದಾಗ ಒಂದು ವರ್ಷ ಸಿಲ್ವರ್ ಕಡಿಸಿದರು. ಇಪ್ಪತ್ತೈದು ವರ್ಷ ಬೆಳೆದ ಮರದ ದುಡ್ಡನ್ನೆಲ್ಲ ಆ ಒಂದೇ ವರ್ಷದ ಲಾಭಕ್ಕೆ ಬರೆದೆ. ಕಾಫಿಯಲ್ಲಿ ಆದ ನಷ್ಟ ಅದರಡಿ ಮುಚ್ಚಿಹೋಯಿತು. ಸಾಹುಕಾರರು ತೋಟ ಚೆನ್ನಾಗಿ ನಡೆಯುತ್ತಿದೆ ಅಂದುಕೊಂಡು ಹೊಸ ಜೀಪು ತಂದರು. ಮುಂದಿನ ವರ್ಷ ಗೊಬ್ಬರಕ್ಕೆ ಸಾಲ. ಲೆಕ್ಕ ತಪ್ಪಿರಲಿಲ್ಲ, ಆದರೆ ನಾನು ಬಾಯಿಬಿಟ್ಟು ಹೇಳಬೇಕಿತ್ತು.

ಹೊಸ ಪದ್ಧತಿಯಲ್ಲಿ ಆ ಲಾಭ ವರ್ಷಗಳಿಗೆ ಹಂಚಿಹೋಗುತ್ತದೆ, ಒಳ್ಳೆಯದೇ. ಆದರೆ ನಿಂತ ಮರದ ಲಾಭದಲ್ಲಿ ಕೂಲಿ ಬಟವಾಡೆ ಆಗುವುದಿಲ್ಲ. ಆ ಮೊತ್ತವನ್ನು ಬೇರೆ ಸಾಲಿನಲ್ಲಿ ಎತ್ತಿ ತೋರಿಸಬಹುದಾ ಅಂತ ನಿಮ್ಮ ಸೀನಿಯರ್‌ಗೆ ಕೇಳು.

ಆಫೀಸಿನಲ್ಲಿ ಕೂತು ಪಟ್ಟಿಗೆ ಸುಮ್ನೆ ಟಿಕ್ ಹಾಕಬೇಡ. ಮರ ಎಣಿಸಿದ್ದು ಯಾರು, ಸುತ್ತಳತೆ ಯಾವಾಗ ತೆಗೆದರು, ಬೆಲೆ ಯಾವ ವ್ಯಾಪಾರಿ ಹೇಳಿದ್ದು ಅಂತ ವಿಚಾರಿಸು. ಎರಡು ಸಾಲಾದರೂ ನೀನೇ ನಡೆದು ಎಣಿಸು. ಮಳೆ ಹಿಡಿದಿದೆ, ಇಂಬಳ ಜಾಸ್ತಿ. ಸುಣ್ಣದ ಡಬ್ಬಿ ಜೇಬಲ್ಲಿರಲಿ.

ನಿನ್ನ ದೊಡ್ಡಪ್ಪ