ತಕರಾರು ಬರೆಯುವ ಮೊದಲು: ಗೆಳೆಯನಿಗೊಂದು ಪತ್ರ

ಪ್ರಿಯ ಸುರೇಶ,

ನಿಮ್ಮೂರಿನ ಅಣುಸ್ಥಾವರದ ಪರವಾನಗಿ ನವೀಕರಣವನ್ನು ವಿರೋಧಿಸಿ ನಿಮ್ಮ ಬಡಾವಣೆಯವರೆಲ್ಲ ಸೇರಿ ಬರೆದ ಮನವಿಯ ಕರಡು ಓದಿದೆ. ಮೂರು ಪುಟದಲ್ಲಿ ಚೆರ್ನೋಬಿಲ್ ಎರಡು ಸಲ, ಫುಕುಶಿಮಾ ಐದು ಸಲ ಬಂದಿದೆ. ನಿಮ್ಮೂರಿನ ಸ್ಥಾವರದ ಒಂದೇ ಒಂದು ಪೈಪಿನ ಹೆಸರಿಲ್ಲ. ಹೀಗೇ ಕಳಿಸಿದರೆ ಅಮೆರಿಕದ ಅಣು ನಿಯಂತ್ರಣ ಆಯೋಗದವರು ಅದನ್ನು 'ಸಾರ್ವಜನಿಕ ಅಭಿಪ್ರಾಯ' ಎಂದು ಕಡತಕ್ಕೆ ಸೇರಿಸಿ ಸುಮ್ಮನಾಗುತ್ತಾರೆ. ಅಭಿಪ್ರಾಯ ಬೇರೆ, ತಕರಾರು ಬೇರೆ. ಅಭಿಪ್ರಾಯವನ್ನು ಯಾರು ಬೇಕಾದರೂ ಕೊಡಬಹುದು. ತಕರಾರು ಅಂಗೀಕಾರವಾದರೆ ಮಾತ್ರ ಆಯೋಗದ ಪರವಾನಗಿ ಮಂಡಳಿಯ ಎದುರು ವಿಚಾರಣೆ, ಸಾಕ್ಷಿ, ದಾಖಲೆ ಎಲ್ಲ ಬರುವುದು. ನೀವು ಬರೆಯಬೇಕಾದದ್ದು ಎರಡನೆಯದನ್ನು.

ಮೊದಲು ಒಂದು ವಾಕ್ಯ ಹೊಡೆದುಹಾಕು: 'ಸ್ಥಾವರದ ವಿನ್ಯಾಸದ ಆಯುಷ್ಯ 40 ವರ್ಷ, ಅದು ಮುಗಿದಿದೆ.' ಕಂಪನಿಯ ವಕೀಲರಿಗೆ ಇದಕ್ಕಿಂತ ಸುಲಭದ ತುತ್ತಿಲ್ಲ. ಪರವಾನಗಿಗೆ 40 ವರ್ಷದ ಮಿತಿ 1954ರ ಅಣುಶಕ್ತಿ ಕಾಯ್ದೆಯಿಂದ ಬಂದದ್ದು. ಅದರ ಹಿಂದೆ ಇದ್ದದ್ದು ಹೂಡಿಕೆ ಮತ್ತು ಏಕಸ್ವಾಮ್ಯದ ಲೆಕ್ಕಾಚಾರ, ಉಕ್ಕಿನ ಲೆಕ್ಕಾಚಾರವಲ್ಲ. ಒಂದೊಂದು ನವೀಕರಣಕ್ಕೆ 20 ವರ್ಷ ಸಿಗುತ್ತದೆ. ಅವಧಿ ಮುಗಿಯಲು ಕನಿಷ್ಠ 5 ವರ್ಷ ಇರುವಾಗ ಸರಿಯಾದ ಅರ್ಜಿ ಹಾಕಿದ್ದರೆ, ತೀರ್ಮಾನ ತಡವಾದರೂ ಹಳೆಯ ಪರವಾನಗಿಯೇ ಮುಂದುವರಿಯುತ್ತದೆ. ನ್ಯೂಯಾರ್ಕಿನ ಇಂಡಿಯನ್ ಪಾಯಿಂಟ್ ಎರಡನೇ ಘಟಕದ ಅವಧಿ 2013ರಲ್ಲಿ ಮುಗಿದರೂ ಅದು 2020ರವರೆಗೆ ನಡೆಯಿತು. 'ಕೇಸು ಎಳೆದರೆ ತಾನಾಗಿ ನಿಲ್ಲುತ್ತದೆ' ಅನ್ನುವವರಿಗೆ ಇದನ್ನು ಹೇಳು.

ಇನ್ನು ದಿನಗಳ ಲೆಕ್ಕ. ಅಮೆರಿಕ ಸರ್ಕಾರದ ಗೆಜೆಟ್ ಆದ ಫೆಡರಲ್ ರಿಜಿಸ್ಟರ್‌ನಲ್ಲಿ ನೋಟಿಸ್ ಬಂದ ದಿನದಿಂದ ತಕರಾರು ಸಲ್ಲಿಸಲು ಸಾಮಾನ್ಯವಾಗಿ 60 ದಿನ. ಎಲ್ಲವನ್ನೂ ಆನ್‌ಲೈನಿನಲ್ಲೇ ಸಲ್ಲಿಸಬೇಕು. ಅದಕ್ಕೆ ಡಿಜಿಟಲ್ ಸರ್ಟಿಫಿಕೇಟ್ ಬೇಕು, ಅದನ್ನು ಗಡುವಿಗೆ 10 ದಿನ ಮೊದಲೇ ಕೇಳಿಕೊಳ್ಳಬೇಕು. ಒಳ್ಳೆಯ ತಕರಾರೊಂದು ಇಂಥ ಸಣ್ಣ ವಿಷಯಕ್ಕೆ ಬಿದ್ದುಹೋದರೆ ಹೊಟ್ಟೆ ಉರಿಯುತ್ತದೆ. ಸ್ಥಾವರದಿಂದ 50 ಮೈಲಿಯೊಳಗೆ ವಾಸವಿರುವ ಸದಸ್ಯರೊಬ್ಬರು ಹೆಸರು, ವಿಳಾಸ ಕೊಟ್ಟು 'ಈ ಸಂಘ ನನ್ನ ಪರವಾಗಿ ವಾದಿಸಲಿ' ಎಂದು ಸಹಿ ಮಾಡಿದ ಹೇಳಿಕೆ ಇರಲಿ. ವಾದಿಸುವ ಹಕ್ಕು ನಿಂತಿರುವುದೇ ಅದರ ಮೇಲೆ. ಕಂಪನಿಗೆ ಉತ್ತರಿಸಲು 25 ದಿನ, ಆ ಉತ್ತರಕ್ಕೆ ನಿಮ್ಮ ಮರುತ್ತರಕ್ಕೆ ಬರೀ 7 ದಿನ. ಈ ನಿಯಮಗಳೂ ಈಗ ತಿದ್ದುಪಡಿಯ ದಾರಿಯಲ್ಲಿವೆ. ನವೀಕರಣದ ತೀರ್ಮಾನವನ್ನು ಒಂದು ವರ್ಷದೊಳಗೆ ಮುಗಿಸಬೇಕೆಂದು 2025ರ ಮೇ ತಿಂಗಳಲ್ಲಿ ಅಧ್ಯಕ್ಷರ ಆದೇಶ ಹೊರಟಿದೆ. ಹಾಗಾಗಿ ನಿಮ್ಮ ನೋಟಿಸಿನಲ್ಲಿ ಅಚ್ಚಾದ ತಾರೀಕನ್ನೇ ನಂಬು, ನನ್ನ ಪತ್ರವನ್ನಲ್ಲ.

ಕರಡಿನ ಅರ್ಧ ಭಾಗ ತುರ್ತು ತೆರವು, ಭಯೋತ್ಪಾದಕರ ದಾಳಿ, ಬಳಸಿದ ಇಂಧನವನ್ನು ಎಲ್ಲಿಡುತ್ತಾರೆ ಎನ್ನುವುದರ ಬಗ್ಗೆಯೇ ಇದೆ. ಜನರನ್ನು ಕಾಡುವುದು ಇವೇ, ನಿಜ. ಆದರೆ ನವೀಕರಣದ ವಿಚಾರಣೆಯಲ್ಲಿ ಇವಕ್ಕೆ ಜಾಗವಿಲ್ಲ, 'ಇದು ದಿನನಿತ್ಯದ ಮೇಲ್ವಿಚಾರಣೆಗೆ ಸೇರಿದ್ದು' ಅಥವಾ 'ಇದಕ್ಕೆ ಬೇರೆ ನಿಯಮವಿದೆ' ಎಂದು ಬಾಗಿಲಲ್ಲೇ ತಡೆಯುತ್ತಾರೆ. ಅಲ್ಲಿ ಕೇಳುವುದು ಮುಖ್ಯವಾಗಿ ಎರಡನ್ನು: ಪರಿಸರ, ಮತ್ತು ಹಳೆತನ. ಹಳೆತನ ಎಂದರೂ ಎಲ್ಲದರದ್ದಲ್ಲ. ಅಲುಗದೆ ಕೂತಲ್ಲೇ ಕೂತು ಕೆಲಸ ಮಾಡುವ, ಅವಧಿಗೊಮ್ಮೆ ಬದಲಿಸದ ಭಾಗಗಳದ್ದು ಮಾತ್ರ: ರಿಯಾಕ್ಟರ್ ಪಾತ್ರೆ, ಪೈಪು, ಕಾಂಕ್ರೀಟು, ಕೇಬಲ್ಲು.

ಅರ್ಜಿ ಸಾವಿರಾರು ಪುಟ ಇರುತ್ತದೆ, ಹೆದರಬೇಡ. ನಾಲ್ಕನೇ ಅಧ್ಯಾಯ ಮತ್ತು ಅನುಬಂಧ 'ಬಿ' ತೆಗೆ. 'ಬಿ'ಯಲ್ಲಿ ಯಾವ ಭಾಗದ ತುಕ್ಕು, ಬಿರುಕುಗಳನ್ನು ಹೇಗೆ ನೋಡಿಕೊಳ್ಳುತ್ತೇವೆ ಎಂದು ಒಂದೊಂದು ಕಾರ್ಯಕ್ರಮವಾಗಿ ಬರೆದಿರುತ್ತಾರೆ. ಪ್ರತಿ ಕಾರ್ಯಕ್ರಮದಲ್ಲೂ 'ಎಕ್ಸೆಪ್ಶನ್' ಎಂಬ ತಲೆಬರಹ ಹುಡುಕು. ಆಯೋಗದ ಮಾದರಿ ಕೈಪಿಡಿಗಿಂತ ಎಲ್ಲಿ ಕಡಿಮೆ ಮಾಡುತ್ತೇವೆ ಎಂದು ಕಂಪನಿ ತಾನೇ ಒಪ್ಪಿಕೊಳ್ಳುವ ಜಾಗ ಅದು. ತಕರಾರು ಹುಟ್ಟಬೇಕಾದದ್ದು ಅಲ್ಲಿ.

ನ್ಯೂಜೆರ್ಸಿಯ ಆಯ್ಸ್ಟರ್ ಕ್ರೀಕ್‌ನಲ್ಲಿ ಜನ ಮಾಡಿದ್ದನ್ನು ನೋಡು. ಅಲ್ಲಿ ರಿಯಾಕ್ಟರನ್ನು ಸುತ್ತುವರಿದ ಉಕ್ಕಿನ ಚಿಪ್ಪು ತಲೆಕೆಳಗಾದ ವಿದ್ಯುತ್ ಬಲ್ಬಿನಂತಿತ್ತು. ಬುಡದ ಹೊರಭಾಗಕ್ಕೆ ಆಧಾರವಾಗಿ ಮರಳು ತುಂಬಿದ್ದರು. ಇಂಧನ ಬದಲಿಸುವಾಗ ಮೇಲಿನ ತೊಟ್ಟಿಗೆ ತುಂಬುವ ನೀರು ಸೋರಿ ಗೋಡೆಗುಂಟ ಇಳಿಯಿತು. ಅದು ಹರಿದುಹೋಗಬೇಕಾದ ಕೊಳವೆಗಳು ಕಟ್ಟಿಕೊಂಡಿದ್ದವು. ಮರಳು ಒದ್ದೆಯಾಗಿಯೇ ಉಳಿದು, ಸುಮಾರು 29 ಮಿ.ಮೀ. ದಪ್ಪದ ಉಕ್ಕು ಯಾರ ಕಣ್ಣಿಗೂ ಬೀಳದ ಕಡೆಯಿಂದ ತುಕ್ಕು ತಿಂದು ತೆಳುವಾಯಿತು. 1992ರಲ್ಲಿ ಮರಳು ತೆಗೆದು ಎಪಾಕ್ಸಿ ಬಳಿದರು. ನವೀಕರಣದ ಹೊತ್ತಿಗೆ ನಾಗರಿಕ ಗುಂಪುಗಳು 'ಅಪಾಯ' ಎಂದು ಕೂಗಲಿಲ್ಲ. ಹೆಚ್ಚುವರಿ 20 ವರ್ಷದಲ್ಲಿ ಆ ಜಾಗದ ದಪ್ಪವನ್ನು ಅಲ್ಟ್ರಾಸೌಂಡಿನಿಂದ ಅಳೆಯುವ ವ್ಯವಸ್ಥೆ ಸಾಲದು ಎಂದರು. ಕಂಪನಿ ಅಳೆಯುತ್ತೇವೆ ಎಂದು ಒಪ್ಪಿತು. ಒಪ್ಪಿದ್ದರಿಂದಲೇ ಆ ತಕರಾರು ಇತ್ಯರ್ಥವಾಯಿತೆಂದು ಬಿದ್ದುಹೋಯಿತು. ಅವರು ಬಿಡಲಿಲ್ಲ, 'ಎಷ್ಟು ದಿನಕ್ಕೊಮ್ಮೆ ಅಳೆಯುತ್ತೀರಿ' ಎಂದು ಎರಡನೆಯದನ್ನು ಹಾಕಿದರು. ಅದು ಅಂಗೀಕಾರವಾಗಿ 2007ರಲ್ಲಿ ವಿಚಾರಣೆ ನಡೆಯಿತು. ಸೋತರು, 2009ರಲ್ಲಿ ಪರವಾನಗಿ ಸಿಕ್ಕಿತು. ಆದರೂ ಮೊದಲು ಇಲ್ಲದ ಅಳತೆಯ ಕರಾರು ದಾಖಲೆಗೆ ಬಂದಿತ್ತು. ನನ್ನ ಲೆಕ್ಕದಲ್ಲಿ ಅದು ಪೂರ್ತಿ ಸೋಲಲ್ಲ.

ನಿಮ್ಮದು ಒತ್ತಡದ ನೀರಿನ ರಿಯಾಕ್ಟರ್. ಹಾಗಾದರೆ ಮೊದಲು ನೋಡಬೇಕಾದದ್ದು ಪಾತ್ರೆಯ ಬೆಸುಗೆ. ನ್ಯೂಟ್ರಾನ್ ಹೊಡೆತಕ್ಕೆ ಉಕ್ಕು ವರ್ಷದಿಂದ ವರ್ಷಕ್ಕೆ ಪೆಡಸಾಗುತ್ತದೆ, ಬೆಸುಗೆಯಲ್ಲಿ ತಾಮ್ರ ಹೆಚ್ಚಿದ್ದರೆ ಇನ್ನೂ ಬೇಗ. ಹಳೆಯ ಕಾಲದ ಬೆಸುಗೆ ತಂತಿಗೆ ತಾಮ್ರದ ಲೇಪ ಇರುತ್ತಿತ್ತು, ತೊಂದರೆ ಅಲ್ಲಿಂದ ಬಂದದ್ದು. ಅವಘಡದಲ್ಲಿ ತಣ್ಣನೆಯ ನೀರು ನುಗ್ಗಿದಾಗ ಒಳಗೆ ಒತ್ತಡವೂ ಹಾಗೇ ಇದ್ದರೆ, ಪೆಡಸಾದ ಉಕ್ಕಿನಲ್ಲಿರುವ ಸಣ್ಣ ಬಿರುಕು ಓಡಬಹುದು. ಇದನ್ನು ಅಂದಾಜಿಸಲು ಉಕ್ಕು ಎಷ್ಟು ಉಷ್ಣತೆಯಿಂದ ಕೆಳಗೆ ಪೆಡಸಾಗಿ ವರ್ತಿಸುತ್ತದೆ ಎಂಬುದಕ್ಕೆ ನಿಯಮದಲ್ಲಿ ಒಂದು ಮಿತಿ ಇದೆ: ಉಕ್ಕಿನ ಫಲಕ ಮತ್ತು ಉದ್ದಗೆರೆಯ ಬೆಸುಗೆಗೆ 270 ಡಿಗ್ರಿ ಫ್ಯಾರನ್‌ಹೀಟ್, ಸುತ್ತುಬೆಸುಗೆಗೆ 300. ನಾಲ್ಕನೇ ಅಧ್ಯಾಯದ ಪಟ್ಟಿಯಲ್ಲಿ ನವೀಕರಣದ ಕೊನೆಯ ದಿನಕ್ಕೆ ನಿಮ್ಮ ಪಾತ್ರೆಯ ಸಂಖ್ಯೆ ಎಷ್ಟಾಗುತ್ತದೆ ಎಂದು ಬರೆದಿರುತ್ತದೆ. 268 ಎಂದಿದ್ದರೆ ಆ ಸಂಖ್ಯೆಯ ಹಿಂದೆ ಬೀಳಬೇಕು. ಪಾತ್ರೆಯೊಳಗೆ ಅದೇ ಉಕ್ಕಿನ ತುಂಡುಗಳಿರುವ ಕ್ಯಾಪ್ಸೂಲುಗಳನ್ನು ಇಟ್ಟಿರುತ್ತಾರೆ. ಆಗಾಗ ಒಂದನ್ನು ತೆಗೆದು ಸುತ್ತಿಗೆ ಹೊಡೆದು ಮುರಿದು ಪರೀಕ್ಷಿಸುತ್ತಾರೆ. ಕೊನೆಯದನ್ನು ಯಾವಾಗ ತೆಗೆದರು? ಮುಂದಿನದನ್ನು ಎಷ್ಟು ಸಲ ಮುಂದೂಡಿದರು? ಆ ಪತ್ರವ್ಯವಹಾರ ಆಯೋಗದ ಜಾಲತಾಣದ ದಾಖಲೆ ಭಂಡಾರದಲ್ಲೇ ಸಿಗುತ್ತದೆ.

ತಕರಾರಿನ ಭಾಷೆ ಹೀಗಿರಲಿ: 'ಅರ್ಜಿಯ ಇಂಥ ಪುಟದ ಇಂಥ ಕಾರ್ಯಕ್ರಮ ನೆಲದಡಿಯ ಪೈಪುಗಳನ್ನು 10 ವರ್ಷಕ್ಕೊಮ್ಮೆ ಇಷ್ಟು ಅಡಿ ಅಗೆದು ನೋಡುತ್ತದೆ. ಇಂಥ ವರ್ಷದ ಸೋರಿಕೆ ವರದಿಯ ಪ್ರಕಾರ ಅದು ಸಾಲದು, ಏಕೆಂದರೆ...' ಈ 'ಏಕೆಂದರೆ'ಯ ನಂತರದ ಮಾತು ತುಕ್ಕಿನ ವಿಷಯ ಬಲ್ಲ ಎಂಜಿನಿಯರ್ ಒಬ್ಬರ ಸಹಿಯ ಹೇಳಿಕೆಯಾಗಿರಬೇಕು. ಒಬ್ಬರನ್ನು ಗೊತ್ತುಮಾಡಲಷ್ಟೇ ದುಡ್ಡಿದ್ದರೆ ವಕೀಲರಿಗಿಂತ ಮೊದಲು ಈ ಎಂಜಿನಿಯರನ್ನು ಹಿಡಿ.

ಎರಡನೇ ಬಾಗಿಲು ರಾಜ್ಯದ್ದು. ಕೆಲವು ಸ್ಥಾವರಗಳು ಮುಚ್ಚಲು ದಾರಿಯಾದದ್ದು ಇಲ್ಲೇ. ಆಯ್ಸ್ಟರ್ ಕ್ರೀಕ್‌ಗೆ ನೀರನ್ನು ತಣಿಸಿ ಮತ್ತೆ ಬಳಸುವ ತಂಪುಗೋಪುರ ಕಟ್ಟಿ ಎಂದು ನ್ಯೂಜೆರ್ಸಿ ಪಟ್ಟು ಹಿಡಿದಾಗ, ಆ ಖರ್ಚಿನ ಬದಲು ಬೇಗ ಮುಚ್ಚುತ್ತೇವೆ ಎಂದು ಕಂಪನಿ 2010ರಲ್ಲಿ ಒಪ್ಪಿತು, 2018ರಲ್ಲಿ ಮುಚ್ಚಿತು. ಇಂಡಿಯನ್ ಪಾಯಿಂಟ್ ಹಡ್ಸನ್ ನದಿಯಿಂದ ದಿನಕ್ಕೆ ಸುಮಾರು 250 ಕೋಟಿ ಗ್ಯಾಲನ್ ನೀರು ಎಳೆಯುತ್ತಿತ್ತು. ಮೀನಿನ ಮರಿಗಳ ನಾಶವನ್ನು ಮುಂದಿಟ್ಟು ನ್ಯೂಯಾರ್ಕ್ 2010ರಲ್ಲಿ ನೀರಿನ ಪ್ರಮಾಣಪತ್ರ ನಿರಾಕರಿಸಿತು. ಸ್ಥಾವರ ಮುಚ್ಚುವ 2017ರ ಒಪ್ಪಂದಕ್ಕೆ ದಾರಿಯಾದದ್ದರಲ್ಲಿ ಅದೂ ಒಂದು.

ಆದರೆ ಅಲ್ಲಿ ನಾಲಿಗೆ ಹಿಡಿತದಲ್ಲಿರಲಿ. ವಿಕಿರಣ ಸುರಕ್ಷತೆ ಫೆಡರಲ್ ಸರ್ಕಾರದ ಕೈಯಲ್ಲಿದೆ. ಖರ್ಚು, ಅಗತ್ಯ ರಾಜ್ಯದ್ದು ಎಂದು 1983ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ವರ್ಮಾಂಟ್ ರಾಜ್ಯದ ವರ್ಮಾಂಟ್ ಯಾಂಕಿ ಸ್ಥಾವರದ ನೆಲದಡಿ ಪೈಪುಗಳಿಂದ ಟ್ರೀಷಿಯಂ (ವಿಕಿರಣಶೀಲ ಹೈಡ್ರೋಜನ್) ಸೋರಿದ್ದು 2010ರ ಜನವರಿಯಲ್ಲಿ ಗೊತ್ತಾಗಿ, ಮುಂದಿನ ತಿಂಗಳೇ ರಾಜ್ಯದ ಸೆನೆಟ್ 26–4 ಮತಗಳಿಂದ ವಿಸ್ತರಣೆಯನ್ನು ತಿರಸ್ಕರಿಸಿತು. ವಿಸ್ತರಣೆಗೆ ಶಾಸಕಾಂಗದ ಒಪ್ಪಿಗೆ ಬೇಕೆನ್ನುವ ಕಾನೂನಿನ ಉದ್ದೇಶ ಸುರಕ್ಷತೆಯಲ್ಲ, ಬೇರೆ ಎಂದು ರಾಜ್ಯ ಎಷ್ಟೇ ವಾದಿಸಿದರೂ, ಶಾಸಕರು ಸದನದಲ್ಲಿ ಸುರಕ್ಷತೆಯ ಬಗ್ಗೆ ಆಡಿದ ಮಾತುಗಳ ದಾಖಲೆಗಳನ್ನೇ ಸಾಕ್ಷಿಯಾಗಿ ಹಿಡಿದು ನ್ಯಾಯಾಲಯ 2012ರಲ್ಲಿ ಆ ಕಾನೂನನ್ನು ಬದಿಗೆ ಸರಿಸಿತು. ಸ್ಥಾವರ 2014ರ ಕೊನೆಗೆ ಮುಚ್ಚಿದ್ದು ಅಗ್ಗದ ಗ್ಯಾಸಿನೆದುರು ಲಾಭವಿಲ್ಲದೆ. ಶಾಸಕರಿಗೆ ನೀವು ಬರೆಯುವ ಪತ್ರದಲ್ಲಿ ನೀರು, ಮೀನು, ವಿದ್ಯುತ್ ದರ ಇರಲಿ. ವಿಕಿರಣ ಬೇಡ.

ಮುಚ್ಚಿದರೆ ಬದಲಿ ಕರೆಂಟು ಎಲ್ಲಿಂದ ಎಂದು ಸಭೆಯಲ್ಲಿ ಖಂಡಿತ ಕೇಳುತ್ತಾರೆ. ಇಂಡಿಯನ್ ಪಾಯಿಂಟ್ ಹೋದ ಮೇಲೆ ಆ ಜಾಗ ತುಂಬಿದ್ದು ಬಹುಪಾಲು ಗ್ಯಾಸೇ. ಉತ್ತರ ಸಿದ್ಧವಿಲ್ಲದಿದ್ದರೆ 'ಮುಚ್ಚಿ' ಎನ್ನುವ ಬದಲು 'ಇಷ್ಟು ಷರತ್ತು ಹಾಕಿ' ಎಂದು ಕೇಳುವುದೇ ಮೇಲು.

ಮುಂದಿನ ಕರಡಿನ ಜೊತೆ ಮೂರು ಕಳಿಸು: ನೋಟಿಸಿನ ಪ್ರತಿ, ಅನುಬಂಧ 'ಬಿ'ಯಲ್ಲಿ ನೆಲದಡಿ ಪೈಪಿನ ಭಾಗ, ಕ್ಯಾಪ್ಸೂಲ್ ತೆಗೆಯುವ ವೇಳಾಪಟ್ಟಿ. ಡಿಜಿಟಲ್ ಸರ್ಟಿಫಿಕೇಟಿಗೆ ಮಾತ್ರ ಕರಡಿಗೆ ಕಾಯದೆ ಇವತ್ತೇ ಬರೆದುಬಿಡು.

ಇಂತಿ ನಿನ್ನ,
ಗೆಳೆಯ