ಲೆವಿ ಚಿತ್ರಗಳ ಪ್ರದರ್ಶನದಲ್ಲಿ ಸಣ್ಣ ಬದಲಾವಣೆ

ಆತ್ಮೀಯ ಚಂದಾದಾರರಿಗೆ ನಮಸ್ಕಾರ.

ಹಳೆಯ ಫ್ರೆಂಚ್ ಹಾಸ್ಯಚಿತ್ರಗಳ ನಮ್ಮ ಮಾಲಿಕೆಯಲ್ಲಿ ಮುಂದಿನ ಸರದಿ ಆಂದ್ರೆ ಯುಗೋನ್ ನಿರ್ದೇಶನದ ‘ಲೆವಿ ಎ ಕೊಂಪಾನಿ’ (1930) ಮತ್ತು ಅದರ ಮುಂದುವರಿಕೆಯಾದ ‘ಲೆ ಗ್ಯಾಲರಿ ಲೆವಿ ಎ ಕೊಂಪಾನಿ’ (1932) ಚಿತ್ರಗಳದ್ದು. ಸಂಜೆ 6ಕ್ಕೆ ಎಂದು ಪ್ರಕಟಿಸಿದ್ದ ಪ್ರದರ್ಶನ ಇನ್ನು 5.30ಕ್ಕೇ ಆರಂಭವಾಗುತ್ತದೆ. ಮೊದಲ ಅರ್ಧ ಗಂಟೆ ಚಿತ್ರವಿಲ್ಲ, ಮಾತು. ‘ಮನೆಮಂದಿಯೆಲ್ಲ ನಕ್ಕು ನಲಿಯಿರಿ’ ಎಂಬ ಸಾಲನ್ನು ಭಿತ್ತಿಪತ್ರದಿಂದ ತೆಗೆದಿದ್ದೇವೆ.

ನಗು ಇಲ್ಲವೆಂದಲ್ಲ. ಲೆಯೋಂ ಬೆಲಿಯೇರ್ ಮತ್ತು ಶಾರ್ಲ್ ಲಾಮಿ ಜೋಡಿ ಚೆನ್ನಾಗಿಯೇ ನಗಿಸುತ್ತದೆ. ಪ್ರೇಕ್ಷಕರು ಮೆಚ್ಚಿದ್ದರಿಂದಲೇ 1936ರ ಹೊತ್ತಿಗೆ ಈ ಸರಣಿಯಲ್ಲಿ ನಾಲ್ಕು ಚಿತ್ರಗಳು ಬಂದವು. ಆದರೆ ಯಹೂದಿ ವ್ಯಾಪಾರಿ ಎಂದರೆ ಹೀಗೇ ಇರುತ್ತಾನೆ ಎಂಬ ಆ ಕಾಲದ ಅಚ್ಚಿನ ಮೇಲೆಯೇ ಇವುಗಳ ತಮಾಷೆ ನಿಂತಿದೆ. ಆ ಅಚ್ಚು ಮುಂದೆ ಯಾರ ಕೈಗೆ ಸಿಕ್ಕಿತು ಎಂಬುದು ಗೊತ್ತಿಲ್ಲದೆ ಇವನ್ನು ನೋಡುವುದು ನಮಗೆ ಸರಿ ಕಾಣಲಿಲ್ಲ.

ಜರ್ಮನರು ಪ್ಯಾರಿಸ್ ಹಿಡಿದ ಮೇಲೆ, 1940ರ ಸೆಪ್ಟೆಂಬರ್ 27ರ ಆಜ್ಞೆಯಂತೆ ಯಹೂದಿಗಳ ಪ್ರತಿ ಅಂಗಡಿಯ ಮುಂದೆಯೂ ಹಳದಿ ಕಾಗದ ಅಂಟಿತು. ಇದು ಯಹೂದಿ ಅಂಗಡಿ ಎಂದು ಅದರ ಮೇಲೆ ಜರ್ಮನ್ ಮತ್ತು ಫ್ರೆಂಚ್ ಎರಡರಲ್ಲೂ ಕಪ್ಪಕ್ಷರದಲ್ಲಿ ಬರೆದಿತ್ತು. ಕೆಲವು ಅಂಗಡಿಯವರು ಅದರ ಪಕ್ಕದಲ್ಲೇ ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿಗಾಗಿ ಹೋರಾಡಿ ಪಡೆದ ಪದಕಗಳನ್ನು ಜೋಡಿಸಿಟ್ಟರು. ಪ್ರಯೋಜನವಾಗಲಿಲ್ಲ. 1893ರಲ್ಲಿ ಲಫಾಯೆತ್ ಬೀದಿಯ ಮೂಲೆಯ ಪುಟ್ಟ ಅಂಗಡಿಯಾಗಿ ಆರಂಭವಾಗಿದ್ದ ‘ಗ್ಯಾಲರಿ ಲಫಾಯೆತ್’ನಂಥ ದೊಡ್ಡ ಮಳಿಗೆಯ ಆಡಳಿತದಿಂದಲೂ ಅದನ್ನು ಕಟ್ಟಿದ ಯಹೂದಿ ಕುಟುಂಬವನ್ನು ಹೊರಹಾಕಲಾಯಿತು. 1941ರ ಜುಲೈ 22ರ ಕಾನೂನಿನ ಮೂಲಕ ಜರ್ಮನರೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರವೇ ಈ ಕಸಿಯುವಿಕೆಗೆ ಮುದ್ರೆ ಒತ್ತಿತು.

ಪ್ರದರ್ಶನವನ್ನೇ ಕೈಬಿಡಿ ಎಂದು ಕೆಲವು ಸದಸ್ಯರು ಹೇಳಿದರು. ನಾವು ಒಪ್ಪಲಿಲ್ಲ. ಮಾತನ್ನು ಚಿತ್ರದ ನಂತರ ಇಡಬಹುದಿತ್ತು, ನಿಜ. ಆದರೆ ಕೊನೆಯ ಬಸ್ಸಿನ ಹೊತ್ತಿಗೆ ಸಭಾಂಗಣದಲ್ಲಿ ಯಾರು ಉಳಿಯುತ್ತಾರೆಂಬುದು ನಮಗೂ ಗೊತ್ತು, ನಿಮಗೂ ಗೊತ್ತು!

ಚಂದಾ ದರ ಬದಲಾಗಿಲ್ಲ, ಕನ್ನಡ ಉಪಶೀರ್ಷಿಕೆಗಳೂ ಮೊದಲಿನಂತೆಯೇ ಇರುತ್ತವೆ. ಪ್ರೌಢಶಾಲೆಯ ಮಕ್ಕಳನ್ನು ಧಾರಾಳವಾಗಿ ಕರೆತನ್ನಿ, ಅದಕ್ಕಿಂತ ಚಿಕ್ಕವರಿಗೆ ಬೇಸರವಾದೀತು. ಹೊಸ ಸಮಯ ಹೊಂದದವರು ಪ್ರದರ್ಶನದ ಹಿಂದಿನ ದಿನದೊಳಗೆ ತಿಳಿಸಿದರೆ ಆ ಪ್ರದರ್ಶನದ ಹಣವನ್ನು ಮುಂದಿನ ತಿಂಗಳಿಗೆ ಜಮಾ ಮಾಡುತ್ತೇವೆ. ಕಚೇರಿ ಮುಗಿಸಿ ತಡವಾಗಿ ಬರುವವರು ದಯವಿಟ್ಟು ಹಿಂಬಾಗಿಲಿನಿಂದ ಒಳಗೆ ಬನ್ನಿ.

ಇತಿ ನಿಮ್ಮ ವಿಶ್ವಾಸಿ,
ಕಾರ್ಯದರ್ಶಿ
ಚಿತ್ರಪ್ರೇಮಿಗಳ ಸಹಕಾರ ಸಂಘದ ಪರವಾಗಿ