ತಾರಸಿ ಕೆಲಸಕ್ಕೆ ಇನ್ನು ಒಂದೇ ದರ ಇರುವುದಿಲ್ಲ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ನಮಸ್ಕಾರ. ಬರುವ ಡಿಸೆಂಬರ್ 1ರಿಂದ ತಾರಸಿ ಸೋರಿಕೆಯ ಕೆಲಸಕ್ಕೆ ನಾವು ಫೋನಿನಲ್ಲಿ ದರ ಹೇಳುವುದಿಲ್ಲ. "ಚದರ ಅಡಿಗೆ ಎಷ್ಟು ತಗೋತೀರಿ?" ಎಂಬ ಪ್ರಶ್ನೆಗೆ ಇಷ್ಟು ದಿನ ಒಂದು ಅಂಕಿ ಸಿಗುತ್ತಿತ್ತು. ಇನ್ನು ಮುಂದೆ ಮೊದಲು ಬಂದು ತಾರಸಿ ನೋಡುತ್ತೇವೆ, ಕೆಳಗಿನ ಕೋಣೆಗಳ ಸೀಲಿಂಗ್ ನೋಡುತ್ತೇವೆ, ಆಮೇಲೆ ಯಾವ ಕೆಲಸಕ್ಕೆ ಎಷ್ಟು ಎಂದು ಬಿಡಿಸಿ ಬರೆದ ಅಂದಾಜುಪಟ್ಟಿ ಕೈಗೆ ಕೊಡುತ್ತೇವೆ. ಮೈಸೂರು ನಗರದೊಳಗೆ ಈ ತಪಾಸಣೆಗೆ 1,500 ರೂಪಾಯಿ. ಕೆಲಸ ನಮಗೇ ಕೊಟ್ಟರೆ ಆ ಹಣ ಬಿಲ್ಲಿನಲ್ಲಿ ಕಳೆಯುತ್ತದೆ. ಕೊಡದಿದ್ದರೂ ಪಟ್ಟಿ ನಿಮ್ಮದೇ. ಅದನ್ನು ಹಿಡಿದು ಬೇರೆ ಯಾರ ಹತ್ತಿರವಾದರೂ ಕೆಲಸ ಮಾಡಿಸಿಕೊಳ್ಳಿ, ನಮಗೆ ಬೇಸರವಿಲ್ಲ.

ಒಂದೇ ಬೀದಿಯಲ್ಲಿ, ಒಂದೇ ಕಾಲದಲ್ಲಿ ಕಟ್ಟಿದ, ಒಂದೇ ಅಳತೆಯ ಎರಡು ಮನೆಗಳ ತಾರಸಿ ಒಂದೇ ಸ್ಥಿತಿಯಲ್ಲಿ ಇರುವುದು ಅಪರೂಪ. ಒಂದಕ್ಕೆ ನಾಲ್ಕು ಬಿರುಕು ತುಂಬಿ, ಮೂಲೆಗೆ ಗಾರೆ ಕೊಟ್ಟು, ಲೇಪ ಹಚ್ಚಿದರೆ ಸಾಕು. ಇನ್ನೊಂದರಲ್ಲಿ ಮೋಲ್ಡ್, ಅಂದರೆ ಛಾವಣಿಯ ಕಾಂಕ್ರೀಟ್ ಹಾಸಿನ, ಒಳಗಿನ ಸರಳು ತುಕ್ಕು ಹಿಡಿದಿರುತ್ತದೆ. ಇಬ್ಬರಿಗೂ ಒಂದೇ ದರ ಹೇಳಿದರೆ ತಾರಸಿ ಚೆನ್ನಾಗಿಟ್ಟುಕೊಂಡವರು ಹೆಚ್ಚು ತೆರುತ್ತಾರೆ, ಕೆಟ್ಟಿರುವವರಿಗೆ ಬೇಕಾದ ಕೆಲಸ ಆಗುವುದಿಲ್ಲ.

ಖರ್ಚು ಎಲ್ಲಿ ಹುಟ್ಟುತ್ತದೆ ಎಂಬುದನ್ನು ನೀವು ತಿಳಿದಿರಬೇಕೆಂಬುದೇ ಈ ಪತ್ರ ಉದ್ದವಾಗಲು ಕಾರಣ.

ನಾಲ್ಕೈದು ಅಂಗುಲದ ಮೋಲ್ಡ್ ಮನೆಯ ಭಾರ ಹೊರುತ್ತದೆ. ನೀರು ತಡೆಯುವುದು ಅದೊಂದರ ಕೈಲಿ ಆಗುವುದಿಲ್ಲ. ಅದರ ಮೇಲೆ ನೀರನ್ನು ಪೈಪಿನ ಕಡೆಗೆ ಓಡಿಸುವ ಇನ್ನೊಂದು ಪದರ ಇರುತ್ತದೆ. ಹಳೆಯ ಮನೆಗಳಲ್ಲಿ ಅದು ಸುಣ್ಣ ಮತ್ತು ಇಟ್ಟಿಗೆ ಚೂರಿನದು, ಈಚಿನ ಮನೆಗಳಲ್ಲಿ ಸಿಮೆಂಟಿನದು. ಈ ಪದರದ ವಾಟ ಸರಿಯಿದ್ದರೆ ಅರ್ಧ ಗೆದ್ದಂತೆ. ನೂರಕ್ಕೆ ಒಂದರ ಲೆಕ್ಕದಲ್ಲಿ, ಅಂದರೆ ಹತ್ತು ಅಡಿಗೆ ಒಂದೂಕಾಲು ಅಂಗುಲದಷ್ಟಾದರೂ ಇಳಿಜಾರು ಬೇಕು. ಅದಿಲ್ಲದ ತಾರಸಿಯ ಮೇಲೆ ಎಂಥ ದುಬಾರಿ ಲೇಪ ಹಚ್ಚಿದರೂ ನೀರು ಅಲ್ಲೇ ಕೂರುತ್ತದೆ. ಸಾವಿರ ಚದರ ಅಡಿಯ ಮೇಲೆ ಒಂದಂಗುಲ ನೀರು ನಿಂತರೆ ಸುಮಾರು 2,360 ಲೀಟರ್, ಎರಡು ಟನ್ನಿಗೂ ಹೆಚ್ಚು ಭಾರ. ಅಷ್ಟೂ ನೀರು ಒಂದು ಸಣ್ಣ ಬಿರುಕಿಗಾಗಿ ಹುಡುಕುತ್ತಾ ದಿನಗಟ್ಟಲೆ ಕಾಯುತ್ತದೆ.

ಹೆಚ್ಚಿನ ಸೋರಿಕೆ ತಾರಸಿಯ ನಟ್ಟನಡುವೆ ಇರುವುದಿಲ್ಲ. ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆ, ಮಳೆನೀರಿನ ಪೈಪಿನ ಬಾಯಿ, ಟ್ಯಾಂಕಿನ ಕೆಳಗಿನ ಕಟ್ಟೆ, ಮೆಟ್ಟಿಲ ಕೋಣೆಯ ಹೊಸ್ತಿಲು, ಇವುಗಳನ್ನೇ ಮೊದಲು ನೋಡುತ್ತೇವೆ. ನಮ್ಮ ಊರಿನಲ್ಲಿ ಸೋಲಾರ್ ನೀರಿನ ಹೀಟರ್ ಇಲ್ಲದ ತಾರಸಿ ಕಡಿಮೆ. ಅದರ ಸ್ಟ್ಯಾಂಡ್ ಕೂರಿಸಲು ಡ್ರಿಲ್ ಹೊಡೆದ ತೂತಿನಿಂದ ಇಳಿದ ನೀರು ವಾಟದ ಪದರದೊಳಗೇ ಹರಿದು, ಹತ್ತು ಅಡಿ ಆಚೆ ಮಲಗುವ ಕೋಣೆಯ ಫ್ಯಾನ್ ಪಕ್ಕದಲ್ಲಿ ಕಾಣಿಸಿಕೊಳ್ಳುತ್ತದೆ. ಮನೆಯವರು ಫ್ಯಾನಿನ ನೇರ ಮೇಲೆ ಸಿಮೆಂಟ್ ಬಳಿಸುತ್ತಾರೆ, ಸೋರುವುದು ನಿಲ್ಲುವುದಿಲ್ಲ.

ತಪಾಸಣೆಗೆ ಬಂದವರು ಏನು ಮಾಡುತ್ತಾರೆ ಎಂಬುದನ್ನೂ ಹೇಳಿಬಿಡುತ್ತೇವೆ, ಪಕ್ಕದಲ್ಲೇ ನಿಂತು ನೋಡಿ. ಸಣ್ಣ ಸುತ್ತಿಗೆಯಿಂದ ತಾರಸಿಯನ್ನೂ ಕೆಳಗೆ ಸೀಲಿಂಗನ್ನೂ ಅಡಿ ಅಡಿಗೆ ಬಡಿಯುತ್ತಾರೆ. ಗಟ್ಟಿ ಇರುವ ಕಡೆ ಟಣ್ ಎನ್ನುತ್ತದೆ, ಒಳಗೆ ಬಿಟ್ಟುಕೊಂಡ ಕಡೆ ಬೊಳಬೊಳ ಸದ್ದು. ಬಿಟ್ಟುಕೊಂಡ ಜಾಗಕ್ಕೆಲ್ಲ ಸೀಮೆಸುಣ್ಣದಲ್ಲಿ ಗೆರೆ ಎಳೆದು ಅಳತೆ ಬರೆಯುತ್ತಾರೆ. ಪಟ್ಟಿಯಲ್ಲಿ ಕಾಣುವ ಚದರ ಅಡಿ ಆ ಗೆರೆಯೊಳಗಿನದು. ಆಮೇಲೆ ಒಂದೂವರೆ ಅಡಿ ಚೌಕದ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಒಣಗಿದ ತಾರಸಿಯ ಮೇಲೆ ನಾಲ್ಕೂ ಅಂಚಿಗೆ ಟೇಪ್ ಹಾಕಿ ಅಂಟಿಸಿ ಹೋಗುತ್ತಾರೆ. ಮರುದಿನ ಹಾಳೆಯ ಒಳಮೈಯಲ್ಲಿ ಬೆವರಿನಂತೆ ನೀರಹನಿ ಕಂಡರೆ ಪದರದೊಳಗೆ ಇನ್ನೂ ತೇವ ಇದೆ ಎಂದು ಅರ್ಥ. ಆ ತೇವದ ಮೇಲೆ ಲೇಪ ಹಚ್ಚಿದರೆ ಬಿಸಿಲಿಗೆ ಒಳಗಿನ ಆವಿ ಮೇಲೆದ್ದು ಲೇಪ ಗುಳ್ಳೆಗಟ್ಟುತ್ತದೆ. ಈ ಪರೀಕ್ಷೆಗೆ ಖರ್ಚೇ ಇಲ್ಲ, ನೀವೇ ಮಾಡಿಕೊಳ್ಳಬಹುದು.

ಈಗ ದುಡ್ಡಿನ ಮಾತು. 25 ಅಡಿಗೆ 40 ಅಡಿಯ, ಸಾವಿರ ಚದರ ಅಡಿಯ ತಾರಸಿ ಎಂದಿಟ್ಟುಕೊಳ್ಳಿ. ಪದರ ಗಟ್ಟಿಯಿದೆ, ವಾಟ ಇದೆ. ಅಲ್ಲಿ ಬಲೆ ಸೇರಿಸಿದ ಅಕ್ರಿಲಿಕ್ ಲೇಪಕ್ಕೆ ನಮ್ಮ ಈಗಿನ ದರ ಚದರ ಅಡಿಗೆ 45 ರೂಪಾಯಿ. ಸುತ್ತಲಿನ 130 ಅಡಿ ಮೂಲೆಗೆ ಗುಂಡಗೆ ಗಾರೆ ಕೊಡಲು ಅಡಿಗೆ 60 ರೂಪಾಯಿ. ಬಿರುಕು ಸೀಳಿ ತುಂಬಲು, ಪೈಪಿನ ಬಾಯಿ ಬದಲಿಸಲು ಐದಾರು ಸಾವಿರ. ಎಲ್ಲ ಸೇರಿ 60 ಸಾವಿರದ ಒಳಗೆ ಮುಗಿಯುತ್ತದೆ, ಜಿಎಸ್‌ಟಿ ಬೇರೆ.

ಅದೇ ಅಳತೆಯ ಪಕ್ಕದ ಮನೆಯಲ್ಲಿ ಹಳೆಯ ಪದರ ಬೊಳ್ಳೆನ್ನುತ್ತಿದೆ. ಅದನ್ನು ಒಡೆದು ಕೆಳಗಿಳಿಸಿ ಸಾಗಿಸಲು ಚದರ ಅಡಿಗೆ 35, ಹೊಸದಾಗಿ ವಾಟ ಕಟ್ಟಲು 110, ಮೇಲೆ ಲೇಪಕ್ಕೆ 45. ಕೆಳಗೆ ಸೀಲಿಂಗಿನಲ್ಲಿ ಸರಳು ಕಾಣುವ 80 ಚದರ ಅಡಿ ದುರಸ್ತಿಗೆ ಚದರ ಅಡಿಗೆ 400. ಮೂಲೆಯ ಗಾರೆಯೂ ಸೇರಿದರೆ ಲೆಕ್ಕ 2 ಲಕ್ಷ 30 ಸಾವಿರದ ಹತ್ತಿರ ಹೋಗುತ್ತದೆ. ಈ ಎರಡು ಮನೆಗಳಿಗೆ ಫೋನಿನಲ್ಲಿ ಒಂದೇ ದರ ಹೇಳಲು ನಮಗೆ ಮನಸ್ಸು ಒಪ್ಪುವುದಿಲ್ಲ.

"ಒಡೆಯುವುದು ಯಾಕೆ, ಅದರ ಮೇಲೇ ಇನ್ನೊಂದು ಪದರ ಹಾಕಿಬಿಡಿ" ಎಂದು ಬಹಳ ಜನ ಕೇಳುತ್ತಾರೆ. ಒಡೆಯುವ ಖರ್ಚು ಉಳಿಯುತ್ತದೆ, ನಿಜ. ಆದರೆ ಸಾವಿರ ಚದರ ಅಡಿಯ ಮೇಲೆ ಮೂರು ಅಂಗುಲದ ಇಟ್ಟಿಗೆ ಚೂರಿನ ಪದರ ಎಂದರೆ ಹನ್ನೆರಡು ಟನ್ನಿಗೂ ಹೆಚ್ಚು ಭಾರ. ಹಳೆಯ ಪದರದ ಭಾರ ಹೊತ್ತ ಮೋಲ್ಡ್ ಮೇಲೆ ಅದನ್ನು ಹೇರುವ ಕೆಲಸ ನಾವು ಒಪ್ಪಿಕೊಳ್ಳುವುದಿಲ್ಲ. ನೀವು ಬರೆದುಕೊಟ್ಟರೂ ಒಪ್ಪಿಕೊಳ್ಳುವುದಿಲ್ಲ.

ಲೇಪದ ವಿಷಯಕ್ಕೆ ಬಂದರೆ, ಎಷ್ಟು ಕೋಟ್ ಎಂದು ಕೇಳುವುದಕ್ಕಿಂತ ಎಷ್ಟು ಬಕೆಟ್ ಎಂದು ಕೇಳಿ. ಒಂದು ಚದರ ಮೀಟರಿಗೆ ಒಂದು ಲೀಟರ್ ಸುರಿದರೆ ಹಸಿಯಾಗಿರುವಾಗ ದಪ್ಪ ಒಂದು ಮಿಲಿಮೀಟರ್, ಇದು ಯಾವ ಕಂಪನಿಯ ಮಾಲಿಗೂ ಒಂದೇ ಲೆಕ್ಕ. ಸಾವಿರ ಚದರ ಅಡಿ ಎಂದರೆ 93 ಚದರ ಮೀಟರ್. ಇಪ್ಪತ್ತು ಲೀಟರಿನ ಎರಡು ಬಕೆಟ್ ಅಷ್ಟಕ್ಕೆ ಹಚ್ಚಿದರೆ ಹಸಿಯಲ್ಲೇ ಅರ್ಧ ಮಿಲಿಮೀಟರ್ ಬರುವುದಿಲ್ಲ. ಒಣಗಿದ ಮೇಲೆ ಇನ್ನೂ ತೆಳು. ಮೂರು ಕೋಟ್ ಹೊಡೆದರೂ ನೀರು ಬೆರೆಸಿ ಹೊಡೆದಿದ್ದರೆ ಸಿಕ್ಕಿದ್ದು ಬಣ್ಣ ಮಾತ್ರ. ಇನ್ನು ಮುಂದೆ ನಮ್ಮ ಪಟ್ಟಿಯಲ್ಲಿ ಬಕೆಟ್ಟುಗಳ ಸಂಖ್ಯೆ ಬರೆದಿರುತ್ತದೆ. ಸೀಲ್ ಒಡೆಯುವುದು ನಿಮ್ಮ ಎದುರಿಗೇ, ಖಾಲಿ ಬಕೆಟ್ ಕೆಲಸ ಮುಗಿಯುವವರೆಗೆ ತಾರಸಿಯ ಮೇಲೇ ಇರುತ್ತದೆ, ಎಣಿಸಿಕೊಳ್ಳಿ.

ಸರಳಿನ ದುರಸ್ತಿಗೆ 400 ರೂಪಾಯಿ ಯಾಕೆ ಎಂಬುದಕ್ಕೂ ಕಾರಣ ಇದೆ. ಸರಳು ಕಾಂಕ್ರೀಟಿನೊಳಗೆ ಸಾಮಾನ್ಯವಾಗಿ 20 ಮಿಲಿಮೀಟರ್ ಆದರೂ ಒಳಗಿರಬೇಕೆಂದು ಕಾಂಕ್ರೀಟ್ ಕೆಲಸದ ಭಾರತೀಯ ಮಾನದಂಡವಾದ ಐಎಸ್ 456 ಹೇಳುತ್ತದೆ. ಸರಳನ್ನು ತಳದಿಂದ ಎತ್ತಿ ಹಿಡಿಯುವ ಸಣ್ಣ ಬಿಲ್ಲೆ, ಅಂದರೆ ಕವರ್ ಬ್ಲಾಕ್, ಇಡದೆ ಮೋಲ್ಡ್ ಹಾಕಿದ ಮನೆಗಳಲ್ಲಿ ಸರಳು ಕೆಳಮೈಗೆ ತಾಗಿಯೇ ಕೂತಿರುತ್ತದೆ. ಮೇಲಿನಿಂದ ತೇವ ಇಳಿದಾಗ ತುಕ್ಕು ಹಿಡಿಯುತ್ತದೆ. ತುಕ್ಕಿಗೆ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಕು, ಹಾಗಾಗಿ ಅದು ಉಬ್ಬಿ ಕಾಂಕ್ರೀಟನ್ನು ಒಳಗಿನಿಂದ ದೂಡಿ ಕಳಚುತ್ತದೆ. ಅಲ್ಲಿ ಬರೀ ಗಿಲಾವು ಮಾಡಿ ಸುಣ್ಣ ಬಳಿದರೆ ಕೆಲವೇ ಮಳೆಗಾಲಗಳಲ್ಲಿ ಅದು ಮತ್ತೆ ಬೀಳುತ್ತದೆ, ಕೆಳಗೆ ಯಾರು ಮಲಗಿದ್ದಾರೆ ಎಂದು ನೋಡಿ ಬೀಳುವುದಿಲ್ಲ. ಸರಿಯಾದ ಕೆಲಸದಲ್ಲಿ ಸರಳಿನ ಹಿಂಬದಿಯವರೆಗೂ ಕಾಂಕ್ರೀಟ್ ಕೆತ್ತಬೇಕು, ತಂತಿಬ್ರಷ್‌ನಲ್ಲಿ ತುಕ್ಕು ಉಜ್ಜಬೇಕು, ಸವೆದ ಸರಳಿಗೆ ಹೊಸದು ಕಟ್ಟಬೇಕು, ತುಕ್ಕು ತಡೆಯುವ ಲೇಪ ಕೊಟ್ಟು ಪಾಲಿಮರ್ ಗಾರೆ ತುಂಬಬೇಕು. ತಲೆಯ ಮೇಲೆ ಕೈ ಎತ್ತಿಕೊಂಡು ಮಾಡುವ ನಿಧಾನದ ಕೆಲಸ. ಅದರಲ್ಲಿ ಸಾಮಾನಿಗಿಂತ ಕೂಲಿಯೇ ಹೆಚ್ಚು, ಆ ಕೂಲಿಯಲ್ಲಿ ಚೌಕಾಸಿ ಮಾಡಬೇಡಿ ಎಂದು ಕೇಳಿಕೊಳ್ಳುತ್ತೇವೆ.

ಸರಳು ತೀರಾ ಸವೆದು, ಮೋಲ್ಡ್ ಜಗ್ಗಿದ್ದರೆ ದುರಸ್ತಿಯ ಮಾತು ಅಲ್ಲಿಗೇ ನಿಲ್ಲುತ್ತದೆ. ಸ್ಟ್ರಕ್ಚರಲ್ ಎಂಜಿನಿಯರ್ ಬಂದು ನೋಡಿ ಬರೆದುಕೊಡದೆ ಅಂಥ ಮನೆಯಲ್ಲಿ ನಾವು ಸುತ್ತಿಗೆ ಎತ್ತುವುದಿಲ್ಲ. ಹೊಸ ಮೋಲ್ಡ್ ಹಾಕುವುದಕ್ಕೆ ಆಗುವ ಖರ್ಚಿನಲ್ಲಿ ಕಬ್ಬಿಣ, ಸಿಮೆಂಟು, ಸೆಂಟ್ರಿಂಗ್ ಎಲ್ಲರ ಕಣ್ಣಿಗೂ ಬೀಳುತ್ತವೆ. ಐದು ಅಂಗುಲದ ಸಾವಿರ ಚದರ ಅಡಿ ಹಳೆಯ ಮೋಲ್ಡ್ ಸುಮಾರು ಮೂವತ್ತು ಟನ್ ಭಾರ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಅಷ್ಟನ್ನೂ ಕಂಬ ಕೊಟ್ಟು ಜೋಪಾನವಾಗಿ ಒಡೆದು, ಗೋಡೆ ಅಲುಗದಂತೆ ಇಳಿಸಿ, ಟ್ರ್ಯಾಕ್ಟರಿಗೆ ತುಂಬಬೇಕು. ಅಷ್ಟು ದಿನ ಮನೆಯವರು ಬೇರೆ ಕಡೆ ಬಾಡಿಗೆಗೆ ಇರಬೇಕು. ಅಂಥ ಮನೆಯವರಿಗೆ ನಾವು ಲೇಪದ ಪಟ್ಟಿ ಕೊಡುವುದಿಲ್ಲ, ಕೊಟ್ಟರೆ ಅದು ಅವರ ದುಡ್ಡನ್ನು ನೀರಿಗೆ ಹಾಕಿಸಿದಂತೆ.

ಕೊಡಗು, ಸಕಲೇಶಪುರದ ಕಡೆಯ ಗ್ರಾಹಕರಿಗೆ ಒಂದು ಮಾತು: ನಿಮ್ಮಲ್ಲಿ ಬೀಳುವ ಮಳೆಗೆ ಎಷ್ಟೋ ಸಲ ಟ್ರಸ್ ಕಟ್ಟಿ ಶೀಟ್ ಹೊದಿಸುವುದೇ ಜಾಣತನ. ನಾವು ಆ ಕೆಲಸ ಮಾಡುವುದಿಲ್ಲ, ಆದರೂ ನೋಡಲು ಬಂದಾಗ ಅದೇ ಸರಿ ಅನ್ನಿಸಿದರೆ ಹಾಗೆಯೇ ಬರೆದುಕೊಡುತ್ತೇವೆ.

2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದ ಮೇಲೆ ನಮ್ಮ ದರ ಯಾಕೆ ಅಷ್ಟೇ ಇಳಿಯಲಿಲ್ಲ ಎಂದು ಕೆಲವರು ಕೇಳಿದ್ದೀರಿ. ನ್ಯಾಯವಾದ ಪ್ರಶ್ನೆ. ಲೇಪದ ಕೆಲಸದಲ್ಲಿ ಸಿಮೆಂಟ್ ಕೆಲವೇ ಚೀಲ, ವಾಟ ಕಟ್ಟುವಲ್ಲಿ ಮಾತ್ರ ಹೆಚ್ಚು. ಹೊಸ ಪಟ್ಟಿಯಲ್ಲಿ ಚೀಲಗಳ ಲೆಕ್ಕ ಬೇರೆಯಾಗಿ ಬರುವುದರಿಂದ ಇಳಿದದ್ದು ಎಲ್ಲಿ, ಎಷ್ಟು ಎಂದು ನಿಮಗೇ ಕಾಣುತ್ತದೆ.

ಅಪಾರ್ಟ್‌ಮೆಂಟಿನ ಕೊನೇ ಮಹಡಿಯವರು ಒಬ್ಬರೇ ಬಂದು ಕೇಳಿದರೆ ಪಟ್ಟಿಯನ್ನು ಸಂಘದ ಹೆಸರಿಗೆ ಬರೆಯುತ್ತೇವೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆ ಛಾವಣಿಯನ್ನು ಎಲ್ಲರಿಗೂ ಸೇರಿದ ಭಾಗಗಳಲ್ಲಿ ಸೇರಿಸಿದೆ. ಆ ಕಾಯ್ದೆಯಡಿ ಬರುವ ಕಟ್ಟಡದಲ್ಲಿ ಖರ್ಚು ಎಲ್ಲ ಮಾಲೀಕರ ಪಾಲಿಗೂ ಬರುತ್ತದೆ. ಸೋರುವುದು ಒಬ್ಬರ ಮನೆಗೆ ಎಂದು ಅವರೊಬ್ಬರೇ ಹೊರುವುದು ಸರಿಯಲ್ಲ.

ಹಣ ಕೊಡುವ ಕ್ರಮವೂ ಬದಲಾಗುತ್ತಿದೆ. ಸಾಮಾನು ಬಂದಿಳಿದಾಗ ಶೇ. 40, ಲೇಪ ಮುಗಿದಾಗ ಶೇ. 40. ಉಳಿದ 20 ನೀರು ಕಟ್ಟಿ ನೋಡಿದ ಮೇಲೆ: ಪೈಪಿನ ಬಾಯಿ ಮುಚ್ಚಿ, ಎರಡಂಗುಲ ನೀರು ನಿಲ್ಲಿಸಿ, 48 ಗಂಟೆ ಬಿಟ್ಟು, ಕೆಳಗಿನ ಪ್ರತಿ ಕೋಣೆಯ ಸೀಲಿಂಗನ್ನು ನೀವೇ ನೋಡಿ ಒಪ್ಪಿದರೆ ಮಾತ್ರ. ಸರಳು ಕೆಟ್ಟ ಮನೆಗಳಲ್ಲಿ ಮೊದಲು ಸರಳಿನ ದುರಸ್ತಿ ಆಗಿ ಗಟ್ಟಿಯಾದ ಮೇಲಷ್ಟೇ ನೀರು ಕಟ್ಟುತ್ತೇವೆ. ಅಕ್ರಿಲಿಕ್ ಲೇಪಕ್ಕೆ ಮೂರು ವರ್ಷದ ಗ್ಯಾರಂಟಿ, ಸಾಮಾನು ಮತ್ತು ಕೂಲಿ ಎರಡೂ ಸೇರಿ. ಹತ್ತು ವರ್ಷ ಎಂದು ಬರೆದ ಗ್ಯಾರಂಟಿ ಕಾಗದ ಯಾರಾದರೂ ಕೊಟ್ಟರೆ ಅದರಲ್ಲಿ ಕೂಲಿ ಸೇರಿದೆಯೇ ಎಂದು ಓದಿಕೊಳ್ಳಿ; ಸಾಮಾನು ಮಾತ್ರ ಪುಕ್ಕಟೆ ಬಂದರೆ ಖರ್ಚಿನ ದೊಡ್ಡ ಪಾಲು ಮತ್ತೆ ನಿಮ್ಮದೇ. ಕೆಲಸ ಆದಮೇಲೆ ಕೇಬಲ್ಲಿನವರೋ ಸೋಲಾರಿನವರೋ ತಾರಸಿಗೆ ಡ್ರಿಲ್ ಹಾಕುವುದಿದ್ದರೆ ಮುಂಚೆ ನಮಗೊಂದು ಫೋನ್ ಮಾಡಿ. ಬಂದು ಆ ತೂತಿನ ಸುತ್ತ ಮುಚ್ಚಿಕೊಡುತ್ತೇವೆ, ಅದಕ್ಕೆ ದುಡ್ಡಿಲ್ಲ.

ಕೊನೆಯದಾಗಿ ಕಾಲದ ವಿಷಯ. ಮೈಸೂರಿಗೆ ಮೇ ತಿಂಗಳ ಮಳೆಯೂ ಜೋರು, ಅಕ್ಟೋಬರಿನದೂ ಜೋರು. ಹಾಗಾಗಿ ಲೇಪದ ಕೆಲಸಕ್ಕೆ ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ ಒಳ್ಳೆಯ ಒಣ ದಿನಗಳು ಸಿಗುತ್ತವೆ. ತಪಾಸಣೆಗೆ ಮಾತ್ರ ಸೋರುತ್ತಿರುವಾಗಲೇ ಕರೆಯಿರಿ, ನೀರು ಎಲ್ಲಿಂದ ಬರುತ್ತಿದೆ ಎಂಬುದು ಆಗ ಕಣ್ಣಿಗೇ ಕಾಣುತ್ತದೆ. ನವೆಂಬರ್ 30ರ ಒಳಗೆ ಮುಂಗಡ ಕೊಟ್ಟವರಿಗೆ ಹಳೆಯ ದರವೇ ನಡೆಯುತ್ತದೆ; ಹೊಸ ಪಟ್ಟಿಯೇ ಬೇಕು ಎನ್ನುವವರು ತಿಳಿಸಿ, ಎರಡನ್ನೂ ಮುಂದಿಡುತ್ತೇವೆ, ಕಡಿಮೆ ಬರುವುದನ್ನು ಆರಿಸಿಕೊಳ್ಳಿ. ಬರುವ ದಿನ ತಾರಸಿಯ ಬೀಗದ ಕೈ ಇಟ್ಟುಕೊಂಡಿರಿ, ಮನೆ ಕಟ್ಟಿದಾಗಿನ ನಕ್ಷೆ ಸಿಕ್ಕರೆ ಹುಡುಕಿಡಿ.

ಇತಿ ನಿಮ್ಮ ವಿಶ್ವಾಸಿ,
ವ್ಯವಸ್ಥಾಪಕರು,
ತಾರಸಿ ದುರಸ್ತಿ ವಿಭಾಗ, ಮೈಸೂರು